ಹಿಂದಲೆಯ ಹೀರೋ

ಲಮಾರ್ ಕೇಗಲ್‌ನ ಮುಖವನ್ನು ಸಿನಿಮಾದಲ್ಲಿ ಕಂಡವರು ಯಾರೂ ಇರಲಿಲ್ಲ. ಅವನ ಹಿಂದಲೆಯನ್ನು ಮಾತ್ರ ಜಾರ್ಜಿಯಾದಿಂದ ಟೆಕ್ಸಸ್‌ವರೆಗೆ, ಕಾರಲ್ಲೇ ಕೂತು ನೋಡುವ ಬಯಲು ಟಾಕೀಸುಗಳಲ್ಲಿ, ಲಕ್ಷಾಂತರ ಜನ ಬೇಯಿಸಿದ ಕಡಲೆಕಾಯಿ ಬಿಡಿಸುತ್ತಾ ನೋಡಿದ್ದರು. ಆ ಹಿಂದಲೆಯೂ ಪೂರ್ತಿ ಅವನದಲ್ಲ. ಮೇಲಿನ ಹೊಂಬಣ್ಣದ ಕೂದಲು ವಿಗ್ಗಿನದು, ವಿಗ್ಗು ಯಾವನೋ ಹೀರೋನ ಲೆಕ್ಕದ್ದು. ಬಿಸಿಲಿಗೆ ಸುಟ್ಟು ಮಡಿಕೆ ಬಿದ್ದ ಕುತ್ತಿಗೆಯೊಂದೇ ಲಮಾರನದು. ನಮ್ಮೂರು ಡಗರ್ ಮಿಲ್‌ನಲ್ಲಿ ಆ ಕುತ್ತಿಗೆಯ ಗುರುತು ಹಿಡಿಯುತ್ತಿದ್ದವನು ಕ್ಷೌರದಂಗಡಿಯ ಓಟಿಸ್ ಒಬ್ಬನೇ. ವರ್ಷಾನುಗಟ್ಟಲೆ ಅದರ ಮೇಲೆ ಕತ್ತಿ ಆಡಿಸಿದವನಲ್ಲವೇ. ಪರದೆಯ ಮೇಲೆ ಕಾರು ಕೆರೆಗೆ ಹಾರಿದಾಗಲೆಲ್ಲ, ಅದು ನಮ್ಮ ಲಮಾರನ ಕುತ್ತಿಗೆ ಎಂದು ಅಕ್ಕಪಕ್ಕದ ಕಾರಿನವರಿಗೆ ಸಾರುತ್ತಿದ್ದ. ಕುತ್ತಿಗೆ ನಂಬಿಕೊಂಡು ಒಬ್ಬನನ್ನು ಸಿನಿಮಾದವನು ಎಂದು ಒಪ್ಪಿಬಿಡಲು ಊರಿನವರೇನು ಹುಚ್ಚರೇ? ಹೂಂಗುಟ್ಟಿ ಮತ್ತೆ ಕಡಲೆಕಾಯಿಗೆ ಕೈ ಹಾಕುತ್ತಿದ್ದರು.

ಲಮಾರನ ಹೊಟ್ಟೆಪಾಡು ಊರ ಹೊರಗಿನ ಗುಜರಿ ಅಂಗಳದ್ದು. ಕೆಟ್ಟು ನಿಂತ ಕಾರುಗಳನ್ನು ಎಳೆದು ತರುವುದು, ಬಿಚ್ಚುವುದು, ಮಾರುವುದು. ಶನಿವಾರ ಸಂಜೆ ಮಣ್ಣಿನ ಓಟದ ಬಯಲಿನಲ್ಲಿ ತಾನೇ ಜೋಡಿಸಿದ ಡಕೋಟಾ ಕಾರಿನಲ್ಲಿ ಸುತ್ತು ಹೊಡೆದು ಒಂದೊಂದು ಸಲ ಗೆದ್ದು, ಬಹಳ ಸಲ ಬೇಲಿಯಲ್ಲಿ ಸಿಕ್ಕಿಕೊಂಡು ಮನೆಗೆ ಬರುತ್ತಿದ್ದ. ಅಷ್ಟರಲ್ಲಿ ಕ್ಯಾಲಿಫೋರ್ನಿಯಾದ ಬಡ ಸಿನಿಮಾದವರಿಗೆ ನಮ್ಮ ಬೆಟ್ಟದ ರಸ್ತೆಗಳ ರುಚಿ ಹತ್ತಿತು. ಇಲ್ಲಿ ರಸ್ತೆ ಪುಕ್ಕಟೆ, ಧೂಳು ಪುಕ್ಕಟೆ, ಶೆರಿಫನಿಗೆ ಒಂದು ಮಧ್ಯಾಹ್ನ ಕೆಂಡದ ಮೇಲೆ ಬೆಂದ ಹಂದಿ ಮಾಂಸ ಹೊಟ್ಟೆ ತುಂಬಾ ಹಾಕಿಸಿದರೆ ಸೇತುವೆಯನ್ನೂ ಬಿಟ್ಟುಕೊಡುತ್ತಿದ್ದ. ಕಥೆಯೂ ಅಷ್ಟೇ ಅಗ್ಗ. ಒಬ್ಬ ಒಳ್ಳೆಯ ಕಳ್ಳ, ಒಬ್ಬ ಕೆಟ್ಟ ಪೊಲೀಸು, ನಡುವೆ ಚೂರುಚೂರಾಗಲು ಕಾದಿರುವ ಒಂದಷ್ಟು ಕಾರುಗಳು. ಕಾರು ಲಮಾರನ ಅಂಗಳದ್ದು, ಓಡಿಸಿ ಒಡೆಯುವವನೂ ಲಮಾರನೇ.

ಹೀರೋಗಳಿಗೆ ಗೇರ್ ಹಾಕಲೂ ಬರುತ್ತಿರಲಿಲ್ಲ. ಅವರು ನಿಂತ ಕಾರಿನಲ್ಲಿ ಕೂತು ಸ್ಟಿಯರಿಂಗ್ ತಿರುಗಿಸುತ್ತಾ ಹಲ್ಲು ಕಡಿಯುವುದು. ಇಬ್ಬರು ಹಿಂದಿನಿಂದ ಕಾರನ್ನು ಅಲ್ಲಾಡಿಸುವುದು, ಮೂರನೆಯವನು ಪೈನ್ ಮರದ ಕೊಂಬೆ ಹಿಡಿದು ಕಿಟಕಿಯ ಆಚೆ ಓಡುವುದು. ಅಲ್ಲಿಗೆ ಅವರ ಸಾಹಸ ಮುಗಿಯಿತು. ಆಮೇಲೆ ಲಮಾರ್ ವಿಗ್ಗು ಹಾಕಿಕೊಂಡು ಕೂರುತ್ತಿದ್ದ. ಹಾರುವ ಕಾರು ಮೂತಿ ಕೆಳಗೆ ಮಾಡಿ ಬೀಳದಿರಲೆಂದು ಡಿಕ್ಕಿಗೆ ಮರಳು ಮೂಟೆ ತುಂಬಿಸುತ್ತಿದ್ದ, ಒಮ್ಮೆ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದ, ಆಮೇಲೆ ಕಾಲು ಒತ್ತುತ್ತಿದ್ದ. ಬೆನ್ನು ಮುರಿಯುವುದು ಒಬ್ಬನದು, ಚಪ್ಪಾಳೆ ಇನ್ನೊಬ್ಬನಿಗೆ. ಇದು ಅವನಿಗೂ ಗೊತ್ತಿತ್ತು. ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ, ಅತ್ತೆ ಮನೆಗೆ ಬಂದು ಸೇರುವವರೆಗೆ.

ಅತ್ತೆ ಎಂದರೆ ಹೆಂಡತಿ ವೆಲ್ಮಾಳ ತಾಯಿ, ಮಿಸ್ ಯೂಲಾ. ಮದುವೆಯಾದವಳಾದರೂ ಮರ್ಯಾದೆಗೆ ಊರೆಲ್ಲ ಹಾಗೇ ಕರೆಯುವುದು, ಲಮಾರನೂ ಹಾಗೇ. ಗಂಡ ಬ್ಯಾಪ್ಟಿಸ್ಟ್ ಚರ್ಚಿನ ಹಿರಿಯನಾಗಿದ್ದು ತೀರಿಕೊಂಡ ಮೇಲೆ ಮಗಳ ಮನೆಗೆ ಬಂದವಳು ಬೈಬಲ್ಲು, ಬೀಸಣಿಗೆ ಮತ್ತು ಅಭಿಪ್ರಾಯಗಳನ್ನು ಜೊತೆಗೆ ತಂದಳು. ಸಿನಿಮಾ ಪಾಪ ಎನ್ನುವುದು ಅವಳ ಮತ. ಆದರೆ ಅಳಿಯ ವಾರಗಟ್ಟಲೆ ಮನೆ ಬಿಟ್ಟು ಹೋಗಿ ಮಾಡುವುದೇನು ಎಂಬ ಕುತೂಹಲ ಪಾಪಕ್ಕಿಂತ ದೊಡ್ಡದು. ಬಯಲು ಟಾಕೀಸಿನಲ್ಲಿ ಅವಳಿಗೆ ದಾರಿ ಸಿಕ್ಕಿತು. ನಮ್ಮ ಕಾರಿನಲ್ಲಿ ನಾವು ಕೂತಿದ್ದೆವು, ಅವರಾಗಿ ಅವರು ಎದುರಿಗೆ ಸಿನಿಮಾ ಹಾಕಿದರೆ ನಾವೇನು ಮಾಡೋದು ಎಂದು ಪಾಸ್ಟರ್‌ಗೆ ಮುಂಚೆಯೇ ಹೇಳಿಟ್ಟಳು. ಪಾಸ್ಟರ್ ಎರಡು ಸಾಲು ಹಿಂದೆ ತನ್ನ ಕಾರಿನಲ್ಲಿ ಅದೇ ಧರ್ಮಸೂಕ್ಷ್ಮದಲ್ಲಿ ಕೂತಿದ್ದರಿಂದ ಏನೂ ಅನ್ನಲಿಲ್ಲ.

ಅವತ್ತು ಲಮಾರ್ ಉಸಿರು ಬಿಗಿಹಿಡಿದಿದ್ದ. ಪರದೆಯ ಮೇಲೆ ತನ್ನ ಕಾರು ಎರಡು ಹುಲ್ಲಿನ ಬಣವೆ ಸೀಳಿ, ಕೋಳಿ ಗೂಡಿನೊಳಗೆ ನುಗ್ಗಿ ಇನ್ನೊಂದು ಕಡೆಯಿಂದ ಹೊರಬಂದಾಗ ಸುತ್ತಲಿನ ಕಾರುಗಳೆಲ್ಲ ಹಾರನ್ ಹೊಡೆದವು. ನಮ್ಮಲ್ಲಿ ಚಪ್ಪಾಳೆ ಎಂದರೆ ಅದೇ. ಮಿಸ್ ಯೂಲಾ ಬೀಸಣಿಗೆ ನಿಲ್ಲಿಸಿ ಬಗ್ಗಿ ನೋಡಿದಳು.

"ಆ ಚಿನ್ನದ ಕೂದಲಿನ ಹುಡುಗ ಚೆನ್ನಾಗಿ ಓಡಿಸ್ತಾನೆ ಕಣೋ," ಎಂದಳು. "ನೋಡಿ ಕಲಿ. ಮೊನ್ನೆ ಚರ್ಚ್ ಮುಂದೆ ನಿಲ್ಸೋಕೆ ಹೋಗಿ ಗುಲಾಬಿ ಗಿಡ ಮುರಿದೆಯಲ್ಲ."

"ಮಿಸ್ ಯೂಲಾ, ಅದು ನಾನೇ."

"ಗುಲಾಬಿ ಗಿಡ ಮುರಿದದ್ದು ನೀನೇ ಅಂತ ನಂಗೊತ್ತು."

ವೆಲ್ಮಾ ಕಿಟಕಿಯ ಕಡೆ ಮುಖ ತಿರುಗಿಸಿ ನಕ್ಕಳು. ಲಮಾರನಿಗೆ ನಗು ಬರಲಿಲ್ಲ. ಅಂದಿನಿಂದ ಭಾನುವಾರದ ಊಟಕ್ಕೆ ಹುರಿದ ಕೋಳಿಯ ಜೊತೆ ಈ ವಿಷಯವನ್ನೂ ತಪ್ಪದೆ ಬಡಿಸಲಾಗುತ್ತಿತ್ತು. ಮುಖ ಇಲ್ಲದ್ದು ಅದೆಂಥ ಕೆಲಸ ಎಂದು ಅವಳು ಕೇಳುವುದು, ಕುತ್ತಿಗೆ ನನ್ನದೇ ಎಂದು ಇವನು ಹೇಳುವುದು, ಕುತ್ತಿಗೆ ಕೋಳಿಗೂ ಇರುತ್ತೆ ಎಂದು ಅವಳು ಒಂದು ತುಂಡನ್ನು ಎತ್ತಿ ತೋರಿಸುವುದು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಅದೇ ಹಿತ್ತಲಲ್ಲಿ ಅತ್ತೆಯೂ ಇದ್ದರೆ ಗಿಡದ ಗತಿ ಏನು? ಕೋಳಿ ಗೂಡಿಗೆ ಕಾರು ನುಗ್ಗಿಸಿದ ಮನುಷ್ಯನಿಗೆ ಈ ಒಂದು ಮಾತು ಎದೆಯಲ್ಲಿ ಮುಳ್ಳಾಗಿ ಕೂತಿತು. ಒಂದೇ ಒಂದು ಸಲ, ಮುದುಕಿ ಕಣ್ಣು ಮುಚ್ಚುವುದರೊಳಗೆ, ಪರದೆಯ ಮೇಲೆ ನನ್ನ ಮುಖ ಅವಳಿಗೆ ಕಾಣಬೇಕು ಎಂದುಕೊಂಡ.

ಸಾವಿರದ ಒಂಬೈನೂರ ಎಂಬತ್ತೆರಡರ ಬೇಸಿಗೆಗೆ ಅವನ ಸೊಂಟ ಕೈಕೊಟ್ಟಿತು. ಬೆಳಿಗ್ಗೆ ಎದ್ದು ಬೂಟು ಹಾಕಿಕೊಳ್ಳಲು ವೆಲ್ಮಾ ಬರಬೇಕಾಗುತ್ತಿತ್ತು. ಇದೇ ಕೊನೆಯ ಸಿನಿಮಾ ಎಂದು ಇಬ್ಬರೂ ಮಾತಾಡಿಕೊಂಡಿದ್ದರು. ಡೈರೆಕ್ಟರ್ ಮಾರ್ಟಿ ಬಂದಾಗ ಲಮಾರ್ ಅದನ್ನೇ ಹೇಳಿ, ಈ ಸಲ ನನ್ನ ಮುಖವನ್ನೂ ತೋರಿಸಬೇಕು ಎಂದು ಕೇಳಿದ. ಮಾರ್ಟಿ ಕೆಟ್ಟವನಲ್ಲ. ಸಿಗರೇಟು, ಚಿಂತೆ, ಹೊಟ್ಟೆಹುಣ್ಣು ಎಲ್ಲ ಇದ್ದ, ರೀಲು ಮಾತ್ರ ಸಾಕಷ್ಟಿಲ್ಲದ ಮನುಷ್ಯ. ಯೋಚಿಸಿ, ಆಗಲಿ ಎಂದ. ಬೆನ್ನಟ್ಟುವ ಕಾರೊಂದು ರಸ್ತೆ ಬದಿಯ ಕಲ್ಲಂಗಡಿ ಗಾಡಿಗೆ ಗುದ್ದುವುದಿತ್ತು. ಹಣ್ಣಿನವನಾಗಿ ಲಮಾರನೇ ನಿಂತು, ಮುಖದ ತುಂಬ ಹಣ್ಣು ಮೆತ್ತಿಕೊಂಡು, ಅಯ್ಯೋ ನನ್ನ ಹಣ್ಣೇ ಅನ್ನುವುದು. ಮುಖ ಪೂರ್ತಿ ಪರದೆ ತುಂಬುತ್ತೆ. ಆದರೆ ಮೊದಲು ಹಳ್ಳ ಹಾರುವ ದೊಡ್ಡ ಓಟ ಒಂದೇ ಏಟಿಗೆ ಮುಗಿಯಬೇಕು. ಅದರಲ್ಲಿ ರೀಲು ಉಳಿದರೆ ಸಂಜೆ ಕಲ್ಲಂಗಡಿ.

ಲಮಾರ್ ಕನ್ನಡಿಯ ಮುಂದೆ ನಿಂತು ಅಯ್ಯೋ ನನ್ನ ಹಣ್ಣೇ ಎಂದು ಅಭ್ಯಾಸ ಮಾಡಿದ್ದನ್ನು ವೆಲ್ಮಾ ಓಟಿಸನಿಗೆ ಹೇಳಿದಳು. ಓಟಿಸನಿಗೆ ಹೇಳಿದರೆ ಊರಿಗೇ ಹೇಳಿದಂತೆ.

ಓಟದ ದಿನ ಹಳ್ಳದ ರಸ್ತೆಯಲ್ಲಿ ಎಲ್ಲರೂ ಸೇರಿದರು. ಪೊಲೀಸ್ ಕಾರು ಓಡಿಸುವವರು ಚರ್ಚಿನ ಹಾಡುಗಾರರ ತಂಡದ ಗಂಡಸರು. ಕಾರುಗಳು ಸಾಲದೆಂದು ಮಾರ್ಟಿ ತನ್ನ ಹಳೆಯ ಉಪಾಯ ಮಾಡಿದ್ದ. ಪ್ರತಿ ಕಾರಿಗೂ ಎಡಮಗ್ಗುಲಲ್ಲಿ ಪೊಲೀಸ್ ಬಣ್ಣ, ಬಲಮಗ್ಗುಲಲ್ಲಿ ಹಳದಿ ಟ್ಯಾಕ್ಸಿಯ ಬಣ್ಣ. ಹೋಗುವಾಗ ಪೊಲೀಸು, ಬರುವಾಗ ಟ್ಯಾಕ್ಸಿ. ಲಮಾರನ ವಿಗ್ಗು ಹಿಂದಿನ ಸಿನಿಮಾದಲ್ಲಿ ಹಾರುವಾಗ ಗಾಳಿಗೆ ಕಿತ್ತುಹೋಗಿದ್ದರಿಂದ ಈ ಸಲ ಅದನ್ನು ಹೀರೋನ ದೊಡ್ಡ ಟೋಪಿಗೆ ಸೇರಿಸಿ ಹೊಲಿದುಬಿಟ್ಟಿದ್ದರು. ಬೆಟ್ಟದ ಮೇಲೆ ಮಾರ್ಟಿಯ ಜೊತೆ ಒಂದು ಕ್ಯಾಮೆರಾ, ಲಮಾರನ ಪಕ್ಕಪಕ್ಕಕ್ಕೇ ಓಡುವ ಪಿಕಪ್ ಗಾಡಿಯ ಹಿಂಬದಿಯಲ್ಲಿ ಇನ್ನೊಂದು. ರಸ್ತೆಯ ಆ ತುದಿಯಲ್ಲಿ ಶೆರಿಫನ ಕಡೆಯವನೊಬ್ಬ ನಿಂತು ಬರುವ ಗಾಡಿಗಳನ್ನು ತಡೆಯುವುದೆಂದು ಮಾತಾಗಿತ್ತು.

ಅವನು ತಡೆದ. ಹಾಲಿನ ಲಾರಿ ತಡೆದ, ಸ್ವಂತ ಭಾವನನ್ನು ತಡೆದ. ಆದರೆ ದೀಪ ಹಾಕಿಕೊಂಡು ಶವದ ಗಾಡಿ ಬಂತು. ಶವದ ಗಾಡಿಯನ್ನು ತಡೆಯುವ ಮನುಷ್ಯ ನಮ್ಮ ಕೌಂಟಿಯಲ್ಲಿ ಇನ್ನೂ ಹುಟ್ಟಿಲ್ಲ. ಅವನು ಟೋಪಿ ತೆಗೆದು ದಾರಿ ಬಿಟ್ಟ.

ಈ ಕಡೆಯಿಂದ ಲಮಾರ್ ಧೂಳೆಬ್ಬಿಸುತ್ತಾ ಬರುತ್ತಿದ್ದ. ಹಿಂದೆ ಹಾಡುಗಾರರ ತಂಡ ಸೈರನ್ ಹಾಕಿಕೊಂಡು ಬೆನ್ನು ಹತ್ತಿತ್ತು. ತಿರುವಿನಲ್ಲಿ ಕರಿ ಗಾಡಿ ಕಂಡಿತು, ಅದರ ಹಿಂದೆ ಎರಡೋ ಮೂರೋ ಬಡಪಾಯಿ ಕಾರು. ಲಮಾರ್ ಏನೂ ಯೋಚಿಸಲಿಲ್ಲ. ಅವನ ತಲೆಗಿಂತ ಮುಂಚೆ ಅವನ ಕಾಲಿಗೆ ತಿಳಿಯಿತು. ಬದಿಗೆ ನಿಲ್ಲಿಸು, ದೀಪ ಹಾಕು, ಟೋಪಿ ತೆಗಿ ಎಂದು ಅವನ ಅಮ್ಮ ಚಿಕ್ಕಂದಿನಲ್ಲೇ ಕಿವಿ ಹಿಂಡಿ ಕಲಿಸಿದ್ದಳು. ಕಾರು ಹುಲ್ಲಿಗೆ ಇಳಿದು ನಿಂತಿತು. ಹಿಂದಿನ ಪೊಲೀಸರೂ ಒಬ್ಬೊಬ್ಬರಾಗಿ ಸೈರನ್ ಆರಿಸಿ ಬದಿಗೆ ನಿಂತು ಟೋಪಿ ತೆಗೆದರು. ಕೊನೆಯವನು ಗಡಿಬಿಡಿಯಲ್ಲಿ ಅಡ್ಡ ತಿರುಗಿ ನಿಂತು ಟ್ಯಾಕ್ಸಿಯಾದ. ಪಿಕಪ್ ಓಡಿಸುತ್ತಿದ್ದವನೂ ಇದೇ ಊರಿನವನು, ಅವನೂ ನಿಲ್ಲಿಸಿದ. ಲಮಾರ್ ಇಳಿದು ಕಾರಿನ ಪಕ್ಕ ನಿಂತು ಟೋಪಿ ತೆಗೆದ. ಹೊಲಿದ ವಿಗ್ಗು ಟೋಪಿಯ ಜೊತೆಗೇ ಬಂತು. ಬೋಳುತಲೆ ಬಿಸಿಲಿಗೆ ಕೊಟ್ಟು, ಚಿನ್ನದ ಕೂದಲನ್ನು ಎದೆಗೆ ಹಿಡಿದು, ಕಣ್ಣು ಕೆಳಗೆ ಮಾಡಿ ನಿಂತ. ಕರಿ ಗಾಡಿ ನಿಧಾನಕ್ಕೆ ಹಾದುಹೋಯಿತು. ಕೊನೆಯ ಕಾರಿನಲ್ಲಿದ್ದ ಹೆಂಗಸು ಸಾಲಾಗಿ ನಿಂತ ಪೊಲೀಸರನ್ನೆಲ್ಲ ಬಾಯಿ ಬಿಟ್ಟು ನೋಡಿದಳು.

ಆಮೇಲೆ ಲಮಾರ್ ಟೋಪಿ ಹಾಕಿಕೊಂಡ, ಕಾರು ಹತ್ತಿದ, ಸೈರನ್ನುಗಳು ಮತ್ತೆ ಕೂಗಿದವು. ನಿಲ್ಲಿಸಿ ಎಂದು ಯಾರೂ ಹೇಳಿರಲಿಲ್ಲವಲ್ಲ. ಹೋಗಿ ಹಳ್ಳ ಹಾರಿದ, ಆಚೆ ದಡದಲ್ಲಿ ನಾಲ್ಕೂ ಚಕ್ರ ಊರಿ ನಿಂತ, ಸೊಂಟ ಹಿಡಿದುಕೊಂಡು ಇಳಿದ.

ಮಾರ್ಟಿ ಬೆಟ್ಟದಿಂದ ಇಳಿದು ಬರುವಾಗಲೇ ಬೈಯುತ್ತಾ ಬಂದ. ಪಿಕಪ್‌ನ ಕ್ಯಾಮೆರಾದವನು ಕ್ಯಾಲಿಫೋರ್ನಿಯಾದವನು, ಇದೂ ಕಥೆಯಲ್ಲಿ ಇದೆ ಎಂದುಕೊಂಡು ಉದ್ದಕ್ಕೂ ತಿರುಗಿಸಿದ್ದ. ಉಳಿಯಬೇಕಾಗಿದ್ದ ರೀಲೆಲ್ಲ ಖಾಲಿ.

"ಸತ್ತವನು ಯಾರು? ನಿನ್ನ ನೆಂಟನಾ?" ಎಂದು ಮಾರ್ಟಿ ಕೇಳಿದ.

"ಯಾರೋ ಗೊತ್ತಿಲ್ಲ."

"ಯಾರೋ ಗೊತ್ತಿಲ್ದೆ ನಿಲ್ಸಿದ್ಯಾ?"

"ಯಾರು ಅಂತ ಕೇಳ್ಕೊಂಡು ನಿಲ್ಸೋಕಾಗುತ್ತಾ ಸಾರ್," ಎಂದ ಲಮಾರ್. ಅವನಿಗೆ ನಿಜಕ್ಕೂ ಆ ಪ್ರಶ್ನೆ ಅರ್ಥವಾಗಿರಲಿಲ್ಲ.

ಕಲ್ಲಂಗಡಿಯ ದೃಶ್ಯ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹಣ್ಣನ್ನು ಎಲ್ಲರೂ ಕುಯ್ದು ತಿಂದು ಬೀಜ ಉಗಿದರು, ಲಮಾರ್ ಮಾತ್ರ ಒಂದು ಹೋಳನ್ನೂ ಮುಟ್ಟಲಿಲ್ಲ. ಮನೆಗೆ ಬಂದು ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚಲು ಬಗ್ಗಲಾಗದೆ ಸುಮ್ಮನೆ ಬೂಟನ್ನೇ ನೋಡುತ್ತಿದ್ದ. ಅವನಿಗೆ ಅಳು ಬಂದಿತ್ತು, ಗಂಡಸರು ಅಳಬಾರದೆಂದು ಕಲಿಸಿದವಳೂ ಅದೇ ಅಮ್ಮ. ಸುದ್ದಿ ಓಟಿಸನ ಮೂಲಕ ಆಗಲೇ ಅಡುಗೆಮನೆ ಸೇರಿತ್ತು. ಮಿಸ್ ಯೂಲಾ ಬಾಗಿಲಿಗೆ ಬಂದು ನಿಂತಳು.

"ನಿಲ್ಲಿಸಿದ್ಯಂತೆ."

"ಹೂಂ."

"ಟೋಪಿ ತೆಗೆದ್ಯಾ?"

"ತೆಗೆದೆ, ಮಿಸ್ ಯೂಲಾ."

ಅಂದಿನ ಊಟಕ್ಕೆ ಅವನ ತಟ್ಟೆಗೆ ಕೋಳಿಯ ಎದೆಯ ತುಂಡು ಬಿತ್ತು. ಕುತ್ತಿಗೆಯ ಮಾತು ಬರಲಿಲ್ಲ. ಊಟವಾದ ಮೇಲೆ ಅವಳು ಸತ್ತವನ ಮನೆ ಯಾವುದೆಂದು ವಿಚಾರಿಸಿ ಒಂದು ಬಾಣಲೆ ಕೋಳಿಯನ್ನು ಅಲ್ಲಿಗೂ ಕಳಿಸಿದಳು. ಆಗ ತಿಳಿದದ್ದು ಇಷ್ಟು: ಸತ್ತವನು ಹಳ್ಳದಾಚೆಯ ಮುದುಕ ಜೂಬಲ್. ಜೀವಮಾನವೆಲ್ಲ ಬೆಟ್ಟದಲ್ಲಿ ಕಳ್ಳಭಟ್ಟಿ ಇಳಿಸಿ, ಪೊಲೀಸ್ ಕಾರು ಕಂಡರೆ ಕಾಲಿಗೆ ಬುದ್ಧಿ ಹೇಳಿದವನು. ಅಪ್ಪನಿಗೆ ಇಷ್ಟೊಂದು ಜನ ಪೊಲೀಸರು ಟೋಪಿ ತೆಗೆದರಲ್ಲ, ಅವರಿಗೆಲ್ಲ ಅವನು ಬಾಕಿ ಏನಾದರೂ ಉಳಿಸಿದ್ದನೇ ಎಂದು ಮಗಳು ಶೆರಿಫನನ್ನು ಕೇಳಿದಳಂತೆ. ಶೆರಿಫ್, ಅಂಥದ್ದೇನಿಲ್ಲಮ್ಮ, ಒಳ್ಳೇ ಮಾಲು ಮಾಡುತ್ತಿದ್ದ ಎಂದನಂತೆ.

ಮುಂದಿನ ಬೇಸಿಗೆಗೆ ಸಿನಿಮಾ ನಮ್ಮ ಬಯಲು ಟಾಕೀಸಿಗೆ ಬಂತು. ಲಮಾರ್ ಹೋಗುವುದೇ ಇಲ್ಲ ಎಂದಿದ್ದ. ಹೊರಡಿಸಿದ್ದು ಮಿಸ್ ಯೂಲಾ. ತಂಪು ಗಾಳಿಗೆ ಕಾರಿನಲ್ಲಿ ಕೂತು ಬರೋಣ ಎಂದಳು. ಊರಿಗೆ ಊರೇ ಬಂದಿತ್ತು, ಹಾಡುಗಾರರ ತಂಡ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿತ್ತು. ಸಿನಿಮಾ ಎಂದಿನಂತೆ ಇತ್ತು. ಹೀರೋ ಹಲ್ಲು ಕಡಿದ, ಕೊಂಬೆ ಓಡಿತು. ಆಮೇಲೆ ಹಳ್ಳದ ರಸ್ತೆ ಬಂತು, ಧೂಳು ಬಂತು, ಸೈರನ್ನು ಬಂತು, ತಿರುವು ಬಂತು. ಮತ್ತೆ, ಯಾರೂ ಎಣಿಸದೆ, ಕರಿ ಗಾಡಿಯೂ ಬಂತು.

ಮಾರ್ಟಿ ಅದನ್ನು ಕತ್ತರಿಸಿರಲಿಲ್ಲ. ಆಮೇಲೆ ಗೊತ್ತಾದಂತೆ ಅವನ ಸಿನಿಮಾ ಉದ್ದ ಸಾಲದೆ ಹೋಗಿತ್ತು. ಟಾಕೀಸಿನವರು ಕೇಳುವಷ್ಟು ಹೊತ್ತು ಓಡಿಸಲು ಅವನು ಪೆಟ್ಟಿಗೆಯಲ್ಲಿದ್ದ ಚೂರುಪಾರನ್ನೆಲ್ಲ ಅಂಟಿಸಿದ್ದ, ಶವದ ಗಾಡಿಯನ್ನೂ ಬಿಟ್ಟಿರಲಿಲ್ಲ. ಪರದೆಯ ಮೇಲೆ ಕಾರು ಹುಲ್ಲಿಗೆ ಇಳಿಯಿತು. ಹೀರೋ ಇಳಿದ. ಹೀರೋ ಟೋಪಿ ತೆಗೆದ, ಕೂದಲೂ ತೆಗೆದ. ಕ್ಯಾಮೆರಾದವನು ಇನ್ನೂ ಹತ್ತಿರಕ್ಕೆ ಎಳೆದುಕೊಂಡ. ಮನೆಯಷ್ಟು ದೊಡ್ಡದಾಗಿ, ಬೋಳಾಗಿ, ಬೆವರಿನಲ್ಲಿ, ಲಮಾರ್ ಕೇಗಲ್ ಎಂಬ ಗುಜರಿಯವನ ಮುಖ ಮೂಡತೊಡಗಿತು.

ಮೂಡತೊಡಗಿತು ಅಷ್ಟೇ. ಎದುರಿಗೆ ಶವದ ಗಾಡಿ ಹೋಗುತ್ತಿತ್ತಲ್ಲ. ಬಯಲಿನಲ್ಲಿದ್ದ ಪ್ರತಿ ಗಂಡಸಿನ ಕೈ ತಂತಾನೇ ಎದುರಿನ ದೀಪದ ಗುಂಡಿಯ ಕಡೆ ಹೋಯಿತು. ಕಾರಿನ ಮುಂದೀಪಗಳೆಲ್ಲ ಭಗ್ಗನೆ ಹೊತ್ತಿಕೊಂಡು ಪರದೆಗೆ ಬಡಿದವು. ಪರದೆ ತೊಳೆದಿಟ್ಟ ಬಟ್ಟೆಯಂತೆ ಬೆಳ್ಳಗಾಯಿತು, ಮುಖ ಮಾಯವಾಯಿತು. ಮೂರ್ಖರಾ, ಆರಿಸ್ರೋ ಎಂದು ಓಟಿಸ್ ಬೊಬ್ಬೆ ಹಾಕಿದ. ಎಲ್ಲರಿಗೂ ಬುದ್ಧಿ ಬಂದು ಒಬ್ಬೊಬ್ಬರಾಗಿ ಆರಿಸುವಷ್ಟರಲ್ಲಿ ಪರದೆಯ ಮೇಲೆ ಕಾರು ಹಳ್ಳ ಹಾರುತ್ತಿತ್ತು, ಕಂಡದ್ದು ಮತ್ತೆ ಹಿಂದಲೆ.

"ನೀನೂ ಹಾಕಿದ್ದೀಯಲ್ಲ," ಎಂದಳು ವೆಲ್ಮಾ ಮೆಲ್ಲಗೆ.

ಲಮಾರ್ ನೋಡಿದ. ಅವನ ಕಾರಿನ ದೀಪ ಇನ್ನೂ ಉರಿಯುತ್ತಿತ್ತು. ತನ್ನ ಮುಖದ ಮೇಲೆ ತಾನೇ ಸುಣ್ಣ ಬಳಿದುಕೊಂಡಿದ್ದ. ಅವನಿಗೆ ನಗಬೇಕೋ ಸಾಯಬೇಕೋ ತಿಳಿಯಲಿಲ್ಲ. ಹಿಂದಿನ ಸೀಟಿನಲ್ಲಿ ಮಿಸ್ ಯೂಲಾ ಬೀಸಣಿಗೆ ಮಡಚಿ, ಸುಮ್ಮನೆ ಮನೆಗೆ ನಡಿ ಎಂದಳು.

ಮರುದಿನ ಸಂಜೆ ಬಯಲು ಟಾಕೀಸಿನ ಬಾಗಿಲಿಗೆ ಬಂದವರಿಗೆಲ್ಲ ಒಂದು ಆಶ್ಚರ್ಯ ಕಾದಿತ್ತು. ಸಿನಿಮಾ ಪಾಪ ಎನ್ನುತ್ತಿದ್ದ ಮಿಸ್ ಯೂಲಾ ಚರ್ಚಿನ ಹ್ಯಾಟು ಹಾಕಿಕೊಂಡು ಟಿಕೆಟ್ ಗೂಡಿನ ಪಕ್ಕ ನಿಂತಿದ್ದಳು. ಒಳಗೆ ಹೋಗುವ ಪ್ರತಿ ಕಾರಿನ ಕಿಟಕಿಗೆ ಬಗ್ಗಿ ಒಂದೇ ಮಾತು ಹೇಳುತ್ತಿದ್ದಳು, ಜೂಬಲ್‌ನ ಗಾಡಿ ಬಂದಾಗ ದೀಪ ಹಾಕಕೂಡದು. ಒಬ್ಬಿಬ್ಬರು ತಕರಾರು ತೆಗೆದರು. ಅದು ಸಿನಿಮಾದ ಹೆಣವಲ್ಲ, ನಿಜವಾದದ್ದು, ಮರ್ಯಾದೆ ಕೊಡದಿದ್ದರೆ ಹೇಗೆ ಎಂದರು. ಅವಳು ಅದಕ್ಕೂ ಬೈಬಲ್ಲಿನಷ್ಟೇ ಖಚಿತವಾದ ತೀರ್ಪು ಕೊಟ್ಟಳು. ಟೋಪಿ ತೆಗೀರಿ ಸಾಕು, ಜೂಬಲ್ ಬದುಕಿದ್ದಾಗಲೂ ಕತ್ತಲೆಯೇ ಇಷ್ಟಪಡುತ್ತಿದ್ದ ಎಂದಳು. ಪಾಸ್ಟರ್ ಬಂದಾಗ ಅವರಿಗೂ ಅದನ್ನೇ ಹೇಳಿದಳು. ಜೂಬಲ್‌ನ ಮಗಳು ಬಂದಾಗ ಮಾತ್ರ ಅವಳ ಕೈ ಹಿಡಿದುಕೊಂಡು, ಮುಂದಿನ ಸಾಲಿನಲ್ಲಿ ಜಾಗ ಮಾಡಿಸಿದಳು.

ಅವತ್ತು ದೀಪ ಹೊತ್ತಲಿಲ್ಲ. ತಪ್ಪಿ ದೀಪದ ಗುಂಡಿ ಎಳೆದುಬಿಟ್ಟೇನೆಂದು ಲಮಾರ್ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ. ಕರಿ ಗಾಡಿ ಪರದೆಯ ಮೇಲೆ ಬಂದಾಗ ಕತ್ತಲಲ್ಲಿ ಟೋಪಿಗಳು ಇಳಿದವು. ಆ ಮುಖ ಬಂತು, ಪೂರ್ತಿ ಬಂತು, ಇಡೀ ಪರದೆ ತುಂಬಿ ನಿಂತಿತು. ಯಾರೂ ಹಾರನ್ ಹೊಡೆಯಲಿಲ್ಲ, ಶವದ ಗಾಡಿಗೆ ಹಾರನ್ ಹೊಡೆಯುವ ಮನುಷ್ಯನೂ ನಮ್ಮ ಕೌಂಟಿಯಲ್ಲಿ ಹುಟ್ಟಿಲ್ಲ. ಹಾಗಾಗಿ ತನ್ನ ಮುಖಕ್ಕೆ ಊರು ಏನಂದಿತೆಂದು ಲಮಾರನಿಗೆ ತಿಳಿಯಲೇ ಇಲ್ಲ. ಅವನು ಪರದೆ ನೋಡುತ್ತಲೂ ಇರಲಿಲ್ಲ, ಕನ್ನಡಿಯಲ್ಲಿ ಹಿಂದಿನ ಸೀಟನ್ನು ನೋಡುತ್ತಿದ್ದ.

ಮಿಸ್ ಯೂಲಾ ಬಹಳ ಹೊತ್ತು ಪರದೆ ನೋಡಿದಳು. ಕನ್ನಡಕ ತೆಗೆದು ಉಡುಪಿನ ಅಂಚಿನಿಂದ ಒರೆಸಿ, ಹಾಕಿಕೊಂಡು, ಮತ್ತೆ ನೋಡಿದಳು. ಕಾರು ಹಳ್ಳ ಹಾರಿ ಹಾರನ್ನುಗಳೆಲ್ಲ ಒಟ್ಟಿಗೆ ಕೂಗಿಕೊಂಡಾಗ ಅವಳು ಮುಂದಕ್ಕೆ ಬಾಗಿ ಅವನ ಆ ಮಡಿಕೆ ಬಿದ್ದ ಕುತ್ತಿಗೆಯ ಮೇಲೆ ಕೈ ಇಟ್ಟಳು.

"ಅಷ್ಟು ದೊಡ್ಡದಾಗಿ ಬರೋವಾಗ," ಎಂದಳು, "ಮುಖ ತೊಳ್ಕೊಂಡು ಹೋಗಬಾರದಿತ್ತಾ, ಮಗಾ?"